ಕಾಫಿ ತೋಟದ ವಿಷಯದ ಹ್ಯಾಕಥಾನ್: ಎಷ್ಟು ಹೊತ್ತು, ಯಾರ್‍ಯಾರು?

ಪ್ರಶ್ನೆ:
ಕಾಫಿ ತೋಟಗಳ ಸಮಸ್ಯೆಗಳನ್ನೇ ವಿಷಯವಾಗಿಟ್ಟುಕೊಂಡು ಚಿಕ್ಕಮಗಳೂರಿನಲ್ಲಿ ಹ್ಯಾಕಥಾನ್ (ತಂಡಗಳು ನಿಗದಿತ ಅವಧಿಯಲ್ಲಿ ಸಮಸ್ಯೆಗೆ ತಾಂತ್ರಿಕ ಪರಿಹಾರ ರೂಪಿಸುವ ಸ್ಪರ್ಧೆ) ನಡೆಸಬೇಕೆಂದಿದ್ದೇವೆ. ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ನಡೆಸುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದಂತೆ ಸತತ 36 ಗಂಟೆ ಇರಲಿ ಎಂದು ಕೆಲವರು ಹೇಳುತ್ತಿದ್ದಾರೆ. ಆದರೆ ವಿದ್ಯಾರ್ಥಿಗಳ ಜತೆಗೆ ಬೆಳೆಗಾರರೂ ಬರಬೇಕೆಂಬುದು ನಮ್ಮ ಆಸೆಯಾದ್ದರಿಂದ, ಅವಧಿ ಮತ್ತು ತಂಡಗಳ ರಚನೆಯ ಬಗ್ಗೆ ಬಲ್ಲವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1:
ರಾತ್ರಿಯಿಡೀ ನಡೆಸಿದರೆ ಬೆಳೆಗಾರರು ಖಂಡಿತ ಉಳಿಯುವುದಿಲ್ಲ. ಮೂಡಿಗೆರೆ, ಕೊಪ್ಪದ ಕಡೆಯವರು ಕತ್ತಲಾಗುವುದರೊಳಗೆ ಮನೆ ಸೇರಬೇಕಾಗುತ್ತದೆ. ಶನಿವಾರ, ಭಾನುವಾರ ಎರಡು ಹಗಲು ಇಟ್ಟುಕೊಳ್ಳಿ. ರಾತ್ರಿ ಕೋಡ್ ಬರೆಯಲು ಇಚ್ಛಿಸುವ ವಿದ್ಯಾರ್ಥಿಗಳಿಗೆ ಮಾತ್ರ ಸಭಾಂಗಣ ತೆರೆದಿರಲಿ. ಡಿಸೆಂಬರ್, ಜನವರಿ ಬೇಡವೇ ಬೇಡ, ಅದು ಅರೇಬಿಕಾ ಕೊಯ್ಲಿನ ಕಾಲ.

ಉತ್ತರ 2:
ಅವಧಿಗಿಂತ ತಂಡದಲ್ಲಿ ಯಾರಿದ್ದಾರೆ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಆರು ಜನರ ತಂಡವಾದರೆ ಪ್ರೋಗ್ರಾಮಿಂಗ್ ಬಲ್ಲವರು ಮೂವರು ಸಾಕು. ಒಬ್ಬರು ಎಲೆಕ್ಟ್ರಾನಿಕ್ಸ್‌ನವರು, ಒಬ್ಬರು ಬೆಳೆಗಾರರು, ಇನ್ನೊಬ್ಬರು ತೋಟದ ರೈಟರು (ಲೆಕ್ಕಪತ್ರ ನೋಡಿಕೊಳ್ಳುವವರು) ಅಥವಾ ಮೇಸ್ತ್ರಿ ಇರಲಿ. ಕಾಫಿ ಗಿಡದ ಕಾಂಡ ಕೊರೆಯುವ ಕೀಟವಾದ ಬಿಳಿ ಕಾಂಡಕೊರಕದ ಉದಾಹರಣೆಯನ್ನೇ ನೋಡಿ: ವಿದ್ಯಾರ್ಥಿಗಳು ಹಳದಿಯಾದ ಎಲೆಗಳ ಫೋಟೊ ಹಿಡಿದು ಆ್ಯಪ್ ಕಟ್ಟಲು ಹೊರಡುತ್ತಾರೆ, ಆದರೆ ಎಲೆ ಹಳದಿಯಾಗಲು ಬೇರೆ ಕಾರಣಗಳೂ ಇರುತ್ತವೆ, ಅನುಭವಿ ಮೇಸ್ತ್ರಿ ಕಾಂಡದ ತೊಗಟೆಯ ಮೇಲೆ ಎದ್ದಿರುವ ಏಣುಗಳನ್ನು ಕೈಯಿಂದ ಸವರಿ ಹುಳು ಹೊಕ್ಕಿರುವುದನ್ನು ಗುರುತಿಸುತ್ತಾರೆ. ಅವರಿಗೆ ಆ ದಿನಗಳ ಕೂಲಿಯನ್ನು ನೀವೇ ಕೊಡಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳನ್ನು ತೀರ್ಪುಗಾರರಾಗಿ ಕೊನೆಗೆ ಕರೆಯುವ ಬದಲು, ಮೊದಲ ದಿನ ಬೆಳಿಗ್ಗೆಯೇ ಮಾರ್ಗದರ್ಶಕರಾಗಿ ಆಹ್ವಾನಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಕ್ಟೋಬರ್‌ನಲ್ಲಿ ಎರಡು ಹಗಲು ಎಂದು ನಿಶ್ಚಯಿಸುತ್ತೇವೆ; ಮೇಸ್ತ್ರಿಗಳ ಕೂಲಿಯನ್ನು ಖರ್ಚಿನ ಪಟ್ಟಿಗೆ ಇಂದೇ ಸೇರಿಸುತ್ತೇವೆ.