ಸೌದಿ ವಲಸೆ ಲೆಕ್ಕ: 20–24ರ ಗಂಡಸರ ಸಾಲಿನಲ್ಲಿ ಮೈನಸ್ ಬರ್ತಿದೆ, ಯಾಕೆ?

ಸಪ್ತಾಪುರ_ಪಿಜಿ (ಧಾರವಾಡ):
ಎಲ್ಲರಿಗೂ ನಮಸ್ಕಾರ. ಸೌದಿಗೆ ಐದು ವರ್ಷದಲ್ಲಿ ನಿವ್ವಳ ಎಷ್ಟು ಜನ ಬಂದರು ಅಂತ ವಯಸ್ಸು, ಲಿಂಗದ ಪ್ರಕಾರ ಅಂದಾಜು ಮಾಡ್ತಿದ್ದೇನೆ. ಎಂಎ ಪ್ರಾಜೆಕ್ಟು. ವಿಶ್ವಸಂಸ್ಥೆಯ ವಲಸಿಗರ ಪಟ್ಟಿ (ಆಯಾ ವರ್ಷ ಅಲ್ಲಿದ್ದ ವಲಸಿಗರು ಯಾವ ವಯಸ್ಸಿನವರು ಎಷ್ಟು ಅಂತ) ಇಳಿಸಿಕೊಂಡು, 2020ರ ಪ್ರತಿ ಸಾಲಿನಿಂದ 2015ರ ಅದೇ ಸಾಲನ್ನು ಕಳೆದೆ. ದುಡಿಯೋ ವಯಸ್ಸಿನ ಹುಡುಗರಲ್ಲೇ ಮೈನಸ್! ಆ ಕಡೆ ಸೊನ್ನೆ ಹಾಕಲಾ?

ಗದಗ_ಲೆಕ್ಕಿಗ:
ಸೊನ್ನೆ ಮಾತ್ರ ಹಾಕಬೇಡಿ. 2015ರಲ್ಲಿ 20–24 ಇದ್ದವರು 2020ಕ್ಕೆ 25–29ರ ಸಾಲಿಗೆ ಹೋಗಿರ್ತಾರೆ ಅಲ್ವಾ? ಒಂದು ಸಾಲು ಕೆಳಗಿಳಿದು ಕಳೆಯಿರಿ. ಕಳೆಯೋ ಮುಂಚೆ, ಅಷ್ಟರಲ್ಲಿ ತೀರಿಕೊಂಡವರನ್ನು ಬಿಡಬೇಕು. ಅದಕ್ಕೆ 2015ರ ಸಂಖ್ಯೆಯನ್ನು ಬದುಕುಳಿಯುವ ಪ್ರಮಾಣದಿಂದ ಗುಣಿಸಿ. ಲೈಫ್ ಟೇಬಲ್‌ನಲ್ಲಿ (ಯಾವ ವಯಸ್ಸಿನವರೆಗೆ ಎಷ್ಟು ಜನ ಬದುಕುಳಿಯುತ್ತಾರೆ ಅನ್ನೋ ಪಟ್ಟಿ) ದೊಡ್ಡ L ಕಾಲಮ್ಮಿನ (ಸಣ್ಣ l ಅಲ್ಲ) 25–29ರ ಸಂಖ್ಯೆಯನ್ನು 20–24ರದ್ದರಿಂದ ಭಾಗಿಸಿದರೆ ಅದು ಸಿಗುತ್ತೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಟೇಬಲ್ ಬಳಸಿ.

ಸುಮ್ನೆ ಒಂದು ಉದಾಹರಣೆ: 2015ರಲ್ಲಿ 20–24ರವರು 1,00,000. 2020ರಲ್ಲಿ 20–24ರವರು 80,000, 25–29ರವರು 1,40,000. ನಿಮ್ಮ ಲೆಕ್ಕದಲ್ಲಿ ಮೈನಸ್ 20,000. ಪ್ರಮಾಣ 0.99 ಅಂತಿಟ್ಟರೆ 1,40,000ರಿಂದ 99,000 ಕಳೆಯಬೇಕು. ಪ್ಲಸ್ 41,000!

ಕೊನೆಯ ಸಾಲು 75+ ಅಲ್ವಾ, ಅಲ್ಲಿ ಹುಷಾರು. 2015ರ 70–74 ಮತ್ತು 75+ ಎರಡೂ ಅದರೊಳಗೇ ಬರುತ್ತವೆ.

ಸಪ್ತಾಪುರ_ಪಿಜಿ:
ಸರ್, ತುಂಬಾ ಥ್ಯಾಂಕ್ಸ್, ಹುಡುಗರ ಸಾಲು ಸರಿಹೋಯ್ತು. ಆದರೆ 55 ದಾಟಿದ ಗಂಡಸರಲ್ಲಿ ಇನ್ನೂ ಮೈನಸ್ ಇದೆ. 0–4ರ ಮಕ್ಕಳಂತೂ ತೀರಾ ಜಾಸ್ತಿ ಬರ್ತಿದ್ದಾರೆ.

ಗದಗ_ಲೆಕ್ಕಿಗ:
55ರ ಮೇಲಿನ ಮೈನಸ್ ಹಾಗೇ ಇರಲಿ. ಕೆಲಸ ಮುಗಿದ ಮೇಲೆ ಊರಿಗೆ ವಾಪಸ್ ಬಂದವರು ಅವರು. ನಿಮಗೆ ಸಿಗೋದು ಬಂದವರಲ್ಲಿ ಹೋದವರನ್ನು ಕಳೆದ ಉಳಿಕೆ ಮಾತ್ರ. ಸೊನ್ನೆ ಹಾಕಿದ್ರೆ ಆ ಮನುಷ್ಯರೇ ಲೆಕ್ಕದಿಂದ ಮಾಯ ಆಗ್ತಾರೆ.

ಹಾವೇರಿ_ಡೇಟಾ:
ಮಕ್ಕಳ ವಿಷಯ ನಾನು ಹೇಳ್ತೇನೆ. ಹಲವು ದೇಶಗಳಲ್ಲಿ ಹೊರಗೆ ಹುಟ್ಟಿದವರನ್ನಷ್ಟೇ ವಲಸಿಗರು ಅಂತ ಎಣಿಸ್ತಾರೆ. ಸೌದಿಯಲ್ಲಿ ನೋಡೋದು ಪೌರತ್ವ. ನಮ್ಮವರ ಮಗು ರಿಯಾದ್‌ನಲ್ಲೇ ಹುಟ್ಟಿದ್ರೂ ಅದು ಭಾರತೀಯ ಮಗು, ಅಲ್ಲಿ ವಲಸಿಗರ ಲೆಕ್ಕಕ್ಕೇ ಸೇರುತ್ತೆ. ಹಾಗಾಗಿ 0–4ನ್ನು ಪೂರ್ತಿ 'ಬಂದವರು' ಅನ್ನಬೇಡಿ. ಅಲ್ಲಿನ ವಿದೇಶಿ ತಾಯಂದಿರ ಹೆರಿಗೆ ಅಂಕಿ ಸಿಕ್ಕರೆ ಕಳೆಯಿರಿ. ಇಲ್ಲದಿದ್ರೆ ಆ ಸಾಲನ್ನು ಬೇರೆಯಾಗಿ ತೋರಿಸಿ, ಕಾರಣ ಕೆಳಗೆ ಬರೆಯಿರಿ.

ಸಪ್ತಾಪುರ_ಪಿಜಿ:
ಬೇರೆಯಾಗೇ ತೋರಿಸ್ತೇನೆ. ಹೆಂಗಸರ ಟೇಬಲ್ಲನ್ನೂ ಇವತ್ತೇ ಹೀಗೇ ಮಾಡಿ ಇಲ್ಲಿ ಹಾಕ್ತೇನೆ, ದಯವಿಟ್ಟು ಒಮ್ಮೆ ನೋಡಿ.