ಹಾವು ಕಚ್ಚಿದರೆ: ಊರಿನ ಗುಂಪಿನಲ್ಲಿ ಡಾಕ್ಟರ ಜೊತೆ ಒಂದು ಬೆಳಗ್ಗೆ

(ಭಾನುವಾರ ಬೆಳಗ್ಗೆ 7ರಿಂದ 8. ತಾಲೂಕು ಆಸ್ಪತ್ರೆಯ ಡಾಕ್ಟರು ಉತ್ತರಿಸುತ್ತಾರೆ. ಹೆಸರಿನ ಬದಲು ಮನೆಯ ಹೆಸರು ಹಾಕಿದೆ.)

ಮೇಲಿನಮನೆ: ಸರ್, ತಲೆ ತ್ರಿಕೋನ ಇದ್ದರೆ ಮಾತ್ರ ವಿಷದ ಹಾವು ಅಂತಾರಲ್ಲ?

ಡಾಕ್ಟರ್: ತಪ್ಪು. ನಾಗರಹಾವು, ಕಟ್ಟುಹಾವು ಎರಡಕ್ಕೂ ತ್ರಿಕೋನದ ತಲೆಯಿಲ್ಲ.

ಕೆರೆಮನೆ: ನಿನ್ನೆ ಹಟ್ಟಿಯಲ್ಲಿ ಆರಡಿ ಕೇರೆ ಹಾವು. ಭಯಕ್ಕೆ ಹೊಡೆದುಬಿಟ್ವಿ.

ಡಾಕ್ಟರ್: ವಿಷವಿಲ್ಲದ್ದು. ಇಲಿ ತಿಂದುಕೊಂಡಿತ್ತು. ಇನ್ನು ನೀವೇ ಇಲಿ ಹಿಡೀರಿ.

ಗದ್ದೆಮನೆ: ಸರ್, ನಾವು ನೆಲದಲ್ಲಿ ಚಾಪೆ ಹಾಸಿ ಮಲಗೋದು. ಇವತ್ತು ನಸುಕಲ್ಲಿ ಅತ್ತೆ ಹೊಟ್ಟೆನೋವು ಅಂತ ಎದ್ದರು. ಜೀರಿಗೆ ಕಷಾಯ ಕೊಟ್ಟೆ. ಈಗ ಗುಡಿಸುವಾಗ ಚಾಪೆ ಅಡಿಯಿಂದ ಕಪ್ಪು ಹಾವು ಹೋಯ್ತು, ಬಿಳಿ ಗೀರು ಇತ್ತು. ಮೈಮೇಲೆ ಗಾಯ ಇಲ್ಲ. ನಿದ್ದೆಗಣ್ಣು ಬಿಟ್ಟಿಲ್ಲ, ಅಷ್ಟೇ.

ಡಾಕ್ಟರ್: ಅಮ್ಮಾ, ಫೋನ್ ಕೆಳಗಿಡುವ ಮುಂಚೆ ಇದಿಷ್ಟು ಓದಿ. ಇದು ಕಟ್ಟುಹಾವು ಅಂತಲೇ ತಿಳಿದು ಹೊರಡಿ. ಅದರ ಹಲ್ಲು ಸಣ್ಣ. ಎಷ್ಟೋ ಸಲ ಗುರುತು ಕಾಣಲ್ಲ, ಊದಲ್ಲ, ಕಚ್ಚಿದ್ದು ಮಲಗಿದವರಿಗೆ ಗೊತ್ತೂ ಆಗಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳೋದು, ನುಂಗೋಕೆ ಆಗದಿರೋದು, ಕೊನೆಗೆ ಉಸಿರು ಕಟ್ಟೋದು. ನೀವು ನಿದ್ದೆಗಣ್ಣು ಅಂತಿರೋದೇ ನನ್ನ ಭಯ. 108ಕ್ಕೆ ಫೋನ್ ಮಾಡಿ. ತಡ ಅಂದರೆ ಸಿಕ್ಕ ಜೀಪು ಹತ್ತಿ. ನಡೆಸಬೇಡಿ, ನೀರೂ ಕೊಡಬೇಡಿ, ಎಂಜಲು ಸುರಿದರೆ ಮಗ್ಗುಲಾಗಿ ಮಲಗಿಸಿ. ವಿಷ ನರಕ್ಕೆ ಹಿಡಿದ ಮೇಲೆ ನಮ್ಮ ಇಂಜೆಕ್ಷನ್ ಅದನ್ನು ತಕ್ಷಣ ಬಿಡಿಸಲ್ಲ, ಉಸಿರಾಟದ ಯಂತ್ರವೇ ಬೇಕಾಗಬಹುದು. ಅದಕ್ಕೇ ಈ ಅವಸರ.

ಹೊಸಮನೆ: ಗಾಬರಿ ಬೇಡ. ಹೋಮಿಯೋಪತಿಯ ನಾಜಾ 200 ಮೂರು ಹನಿ ನಾಲಿಗೆ ಮೇಲೆ ಬಿಟ್ಟರೆ ಸಾಕು. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಯಾರಿಗೂ ಕಳಿಸಬೇಡಿ. ಹನಿ, ನಂಜಿನ ಕಲ್ಲು, ಬೇರು, ಬ್ಲೇಡಲ್ಲಿ ಕೊಯ್ಯೋದು, ಹಗ್ಗ ಬಿಗಿಯೋದು ಯಾವುದೂ ಬೇಡ. ಹಗ್ಗ ಕಟ್ಟಿಕೊಂಡು ಬಂದ ಕಾಲು ಕಪ್ಪಾಗಿದ್ದು ನೋಡಿದೀನಿ.

ತೋಟದಮನೆ: ಬಿಳಿ ಪಟ್ಟೆ ಇದ್ದರೆ ವಿಷವಿಲ್ಲದ ತೋಳಹಾವೂ ಇರಬಹುದಲ್ಲ ಸರ್?

ಡಾಕ್ಟರ್: ಇರಬಹುದು. ತೋಳಹಾವಿಗೆ ಪಟ್ಟೆ ಕುತ್ತಿಗೆ ಹತ್ತಿರ ದಟ್ಟ, ಬಾಲದ ಕಡೆ ಮಾಸುತ್ತೆ. ಕಟ್ಟುಹಾವಿಗೆ ಉಲ್ಟಾ, ಗೀರು ಸಣ್ಣ, ಜೋಡಿ ಜೋಡಿ. ಆಸ್ಪತ್ರೆಗೆ ಬಂದ ಮೇಲೆ ಚರ್ಚೆ ಮಾಡೋಣ.

ಕೆರೆಮನೆ: ಕೇರೆ ಕೊಂದದ್ದಕ್ಕೆ ದೋಷ ಇದೆಯಾ?

ಹೊಸಮನೆ: ಆಶ್ಲೇಷ ಬಲಿ ಮಾಡಿಸಿ.

ತೋಟದಮನೆ: ಅದು ನಾಗರಕ್ಕೆ ಮಾರಾಯ್ರೆ, ಕೇರೆಗಲ್ಲ.

ಹೊಸಮನೆ: ನಿಮಗೆ ಶಾಸ್ತ್ರ ಗೊತ್ತಿದ್ದರೆ ಮಾತಾಡಿ.

ತೋಟದಮನೆ: ಹನಿ ಬಿಡೋ ಶಾಸ್ತ್ರ ಗೊತ್ತಿಲ್ಲ.

ಬೆಂಗಳೂರಿನಿಂದ: ನನ್ನ ಮಗಳು ಹಾವಿನ ಚಿತ್ರ ಕಂಡರೂ ಕಿರುಚುತ್ತಾಳೆ. ರಜಕ್ಕೆ ಊರಿಗೆ ಕರೆತರೋದು ಹೇಗೆ?

ಮೇಲಿನಮನೆ: ಬೆಳ್ಳುಳ್ಳಿ ಇಟ್ಟರೆ ಹಾವು ಬರಲ್ವಂತೆ?

ಡಾಕ್ಟರ್: ಬರುತ್ತೆ. ಮಂಚ, ಸೊಳ್ಳೆಪರದೆ, ಟಾರ್ಚ್. ಹೆಡೆ ಎತ್ತೋ ಹಾವಿಗೆ ಇಡೀ ಊರು ಹೆದರುತ್ತೆ, ಹಾಸಿಗೆಗೆ ಬರೋದಕ್ಕೆ ಯಾರೂ ಹೆದರಲ್ಲ. ಗದ್ದೆಮನೆಯಮ್ಮಾ, ಹೊರಟ್ರಾ?

ಹೊಸಮನೆ: ಶಾಸ್ತ್ರಕ್ಕೆ ಅವಮಾನ ಆಗ್ತಾ ಇದೆ, ಅಡ್ಮಿನ್ ನೋಡಿ.

ಡಾಕ್ಟರ್: ಸ್ವಲ್ಪ ಸುಮ್ಮನಿರ್ತೀರಾ? ಗದ್ದೆಮನೆ?

ಗದ್ದೆಮನೆ: ಜೀಪಲ್ಲಿದೀವಿ ಸರ್. ರೆಪ್ಪೆ ಎತ್ತೋಕೆ ಆಗ್ತಿಲ್ಲ ಅಂತಾರೆ. ಮಾತು ತೊದಲುತ್ತಿದೆ.

ಡಾಕ್ಟರ್: ನೇರ ತುರ್ತು ವಿಭಾಗಕ್ಕೆ ತನ್ನಿ. ನಾನು ಬಾಗಿಲಲ್ಲೇ ಇರ್ತೀನಿ.

ಮೇಲಿನಮನೆ: ಸರ್, ನೀರೊಳ್ಳೆಗೆ ವಿಷ ಇದೆಯಾ?

ಮೇಲಿನಮನೆ: ಸರ್?