ಅಪ್‌ಡೇಟ್: ಸ್ಟ್ಯಾಗರ್, ಟಾಟರ್, ಲರ್ಚ್ ಗೊಂದಲ ಬಗೆಹರಿಯಿತು

ಇಂಗ್ಲಿಷಿನ ಈ ಮೂರು ಕ್ರಿಯಾಪದಗಳನ್ನು ಕನ್ನಡಕ್ಕೆ ಹೇಗೆ ತರುವುದೆಂದು ಕಳೆದ ವಾರ ಕೇಳಿದ್ದೆ. ನಿಘಂಟು ನೋಡುವ ಸಲಹೆ ಫಲಿಸಲಿಲ್ಲ. ಮೂರಕ್ಕೂ ‘ತೂರಾಡು’ ಎಂದೇ ಸಿಕ್ಕಿತು. ನಡೆಯುವವರು ಯಾರು, ಏಕೆ ಹಾಗೆ ನಡೆಯುತ್ತಾರೆ ಎಂಬುದನ್ನು ಗಮನಿಸಿರೆಂದವರ ಮಾತೇ ಕೈಹಿಡಿಯಿತು: ಕುಡಿದವನೋ ಪೆಟ್ಟು ತಿಂದವನೋ ಭಾರ ಹೊತ್ತವನೋ ತೂರಾಡಿದರೆ ಸ್ಟ್ಯಾಗರ್, ಹೆಜ್ಜೆ ಕಲಿಯುವ ಮಗುವೋ ಹಣ್ಣು ಹಣ್ಣು ಮುದುಕರೋ ಇನ್ನೇನು ಬೀಳುವರೆಂಬಂತೆ ಪುಟ್ಟ ಹೆಜ್ಜೆಯಿಟ್ಟರೆ ಟಾಟರ್, ಬಸ್ಸು ಹಠಾತ್ತನೆ ವಾಲಿದಂತೆ ಒಮ್ಮೆಲೇ ಒಂದು ಕಡೆಗೆ ವಾಲಿದರೆ ಲರ್ಚ್. ಅಚ್ಚರಿಯೆಂದರೆ, ಇಂಗ್ಲಿಷ್ ನಡಿಗೆಯ ರೀತಿಯನ್ನು ಮುಖ್ಯ ಕ್ರಿಯಾಪದದೊಳಗೇ ತುಂಬಿದರೆ, ಕನ್ನಡ ಅದನ್ನು ಬಿಡಿಸಿ ‘ತೂರಾಡುತ್ತಾ ಒಳಗೆ ಬಂದ’ ಎನ್ನುತ್ತದೆ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಭಾಷೆಗಳನ್ನು ವರ್ಗೀಕರಿಸಿದ್ದು ಇಂಥದೇ ವ್ಯತ್ಯಾಸವನ್ನು ಹಿಡಿದು. ಅಂದಹಾಗೆ, ಕಚೇರಿಯ ‘ಸ್ಟ್ಯಾಗರ್ಡ್’ ವೇಳೆಯಲ್ಲಿ ಯಾರೂ ತೂರಾಡುವುದಿಲ್ಲ, ಬೇರೆ ಬೇರೆ ಹೊತ್ತಿಗೆ ಕೆಲಸಕ್ಕೆ ಬರುತ್ತಾರೆ, ಅಷ್ಟೆ.